ಕಿವಿಯ ಹಿಂದಿನ ಸೀರು

ನಮ್ಮೂರಿನಲ್ಲಿ ಇಬ್ಬರು ಹೆಂಗಸರು ಒಂದೇ ದಿಂಬಿಗೆ ತಲೆ ಕೊಟ್ಟು ಮಲಗಿದರೆ, ಏಳುವಷ್ಟರಲ್ಲಿ ಒಬ್ಬಳ ಕನಸು ಇನ್ನೊಬ್ಬಳ ತಲೆಗೆ ದಾಟಿರುತ್ತದೆ. ದಾಟಿಸುವುದು ಹೇನು. ಹೇನಿದ್ದ ತಲೆಗೆ ಕನಸು, ಹೇನಿಲ್ಲದ ತಲೆಗೆ ಬರೀ ನಿದ್ದೆ. ಗಂಡಸರು ತಿಂಗಳಿಗೊಮ್ಮೆ ಕೂದಲು ಕತ್ತರಿಸಿಕೊಳ್ಳುವುದರಿಂದ ಅವರಿಗೆ ಈ ಉಸಾಬರಿಯೇ ಇಲ್ಲ. ಮಲಗುತ್ತಾರೆ, ಗೊರಕೆ ಹೊಡೆಯುತ್ತಾರೆ, ಏಳುತ್ತಾರೆ. ಹೆಂಗಸರದು ಹಾಗಲ್ಲ. ಶಾಲೆಯಲ್ಲಿ ಒಂದು ಬೆಂಚಿಗೆ ಮೂವರು ಹುಡುಗಿಯರು ಕೂರುತ್ತಾರಾದ್ದರಿಂದ ಪರೀಕ್ಷೆಯ ಹಿಂದಿನ ದಿನ ಮೂವರನ್ನೂ ಒಂದೇ ಎಮ್ಮೆ ಅಟ್ಟಿಸಿಕೊಂಡು ಬರುತ್ತದೆ. ಸೊಸೆಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಾದ ಅತ್ತೆ ಹೆಳಲು ಹಾಕುತ್ತೇನೆ ಬಾ ಎಂದು ಕರೆಯುತ್ತಾಳೆ. ಸೊಸೆ ಜಾಣೆಯಾದರೆ ಅಂದು ಅವಳಿಗೆ ತಲೆನೋವು. ಮಾತು ಬಿಟ್ಟ ಅಕ್ಕತಂಗಿಯರು ತವರಿನಲ್ಲಿ ಒಂದು ಮಧ್ಯಾಹ್ನ ತಲೆಗೆ ತಲೆ ಹಚ್ಚಿ ಮಲಗಿ ಎದ್ದರೆ ಸಾಕು, ಮಾತಿಲ್ಲದೆಯೇ ರಾಜಿ.

ಬೇಡದ ಕನಸಿಗೆ ಔಷಧವೂ ಉಂಟು. ಬೆಚ್ಚಿಬೀಳಿಸುವ ಕನಸಿಗೆ ಬಜೆ ತೇಯ್ದು ಹಚ್ಚುತ್ತಾರೆ. ಕನಸುಗಳ ಸಂದಣಿ ಹೆಚ್ಚಾದರೆ ದಿಂಬಿನ ತುಂಬ ತುಳಸಿ ಎಲೆ. ಸತ್ತ ಗಂಡ ದಿನಾ ಬಂದು ಊಟ ಕೇಳುತ್ತಿದ್ದರೆ ವಾರವಿಡೀ ಬೇವಿನ ಸೊಪ್ಪು ಅರೆದು ಕಟ್ಟಬೇಕು, ಆಗ ಬೇರೆ ಮನೆ ನೋಡಿಕೊಳ್ಳುತ್ತಾನೆ. ಇವೆಲ್ಲ ಮನೆಮದ್ದು, ಯಾರು ಬೇಕಾದರೂ ಮಾಡಿಕೊಳ್ಳಬಹುದು. ಮದುವೆಯ ಔಷಧ ಮಾತ್ರ ನನ್ನ ಕೈಯಿಂದಲೇ ಆಗಬೇಕು. ಹುಡುಗಿ ತವರಿನ ಕನಸು ಹೊತ್ತು ಗಂಡನ ಮನೆಯ ಹೊಸಿಲು ದಾಟಬಾರದು ಎನ್ನುವುದು ನಮ್ಮೂರ ನೇಮ. ಮದುವೆಗೆ ಐದಾರು ದಿನ ಇರುವಾಗ ನಾನು ಹೋಗಿ ಔಷಧ ಹಚ್ಚಿ, ಹೇನು ತೆಗೆದು ಅವಳ ತಲೆ ಬಿಡಿಸುತ್ತೇನೆ. ಮದುವೆಯ ಬೆಳಿಗ್ಗೆ ಗಂಡಿನ ತಾಯಿ ಹುಡುಗಿಯನ್ನು ಬಿಳಿ ಬಟ್ಟೆಯ ಮೇಲೆ ಕೂರಿಸಿ, ಎಲ್ಲರೆದುರು ಸೀರಣಿಗೆಯಿಂದ ಬಾಚುತ್ತಾಳೆ. ಬಟ್ಟೆಯ ಮೇಲೆ ಒಂದೇ ಒಂದು ಹೇನು ಬಿದ್ದರೂ ಗಂಡಿನವರು ಎದ್ದು ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಹಾಗಾಗಿತ್ತು. ಆ ಹುಡುಗಿ ಮುದುಕಿಯಾಗಿ ಇನ್ನೂ ತವರಿನಲ್ಲೇ ಇದ್ದಾಳೆ.

ಈ ವಿದ್ಯೆ ನನ್ನ ಅವ್ವನದು. ಹಣ್ಣು ತಿಂದು ಉಗಿದ ಸೀತಾಫಲದ ಬೀಜಗಳನ್ನು ಮನೆಮನೆಯಿಂದ ಕೂಡಿಸಿ ತಂದು, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ ಹೊಂಗೆ ಎಣ್ಣೆಯಲ್ಲಿ ಕಲೆಸಬೇಕು. ಹುಡುಗಿಯ ಕಣ್ಣಿಗೆ ಮೂರು ಪದರ ಬಟ್ಟೆ ಕಟ್ಟದೆ ಹಚ್ಚಕೂಡದು. ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಹಚ್ಚುವವಳಿಗೂ ಒಂದು ನೇಮವಿದೆ. ಅವಳ ತಲೆ ಹಗಲೂ ಇರುಳೂ ಬೇವಿನೆಣ್ಣೆಯಲ್ಲಿ ತೊಯ್ದಿರಬೇಕು. ಇಲ್ಲವಾದರೆ ಊರ ಹುಡುಗಿಯರ ಕನಸುಗಳೆಲ್ಲ ಅವಳ ತಲೆಗೇ ಬಂದು ಸಂಸಾರ ಹೂಡುತ್ತವೆ. ನಾನು ಹತ್ತೊಂಬತ್ತಕ್ಕೆ ಊರೊಳಗೇ ಮದುವೆಯಾದೆ. ನನ್ನ ತಲೆ ಬಿಡಿಸಿದವಳು ಅವ್ವನೇ. ಎರಡು ತಿಂಗಳಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು, ಬೀಜ ಕುಟ್ಟುವ ಒರಳು ನನ್ನ ಪಾಲಿಗೆ ಬಂತು. ಆವತ್ತು ಹಚ್ಚಿಕೊಂಡ ಬೇವಿನೆಣ್ಣೆ ಮೂವತ್ತೊಂದು ವರ್ಷ ಇಳಿದಿರಲಿಲ್ಲ. ನನ್ನ ಪಾಲಿಗೆ ರಾತ್ರಿ ಎಂದರೆ ಕಣ್ಣು ಮುಚ್ಚುವುದು, ಕಣ್ಣು ತೆರೆಯುವುದು. ನಡುವೆ ಏನಾದರೂ ಇರಬಹುದೆಂಬುದನ್ನೇ ನಾನು ಮರೆತಿದ್ದೆ.

ಹೋದ ವರ್ಷ ಶಂಕ್ರವ್ವನ ಮಗಳು ಕಸ್ತೂರಿಯ ಮದುವೆ ಗೊತ್ತಾಯಿತು. ತಾಯಿ ಮಗಳಿಬ್ಬರೂ ರವಿಕೆ ಹೊಲಿಯುವವರು. ಆರು ದಿನ ಮುಂಚೆ ಬಟ್ಟಲು ಹಿಡಿದು ಹೋದೆ. ಶಂಕ್ರವ್ವ ಹಂಡೆಗೆ ಉರಿ ಹಾಕಲು ಹಿತ್ತಲಿಗೆ ಹೋದಳು. ಕಣ್ಣಿಗೆ ಕಟ್ಟುವ ಬಟ್ಟೆ ಎತ್ತಿಕೊಂಡೆನೋ ಇಲ್ಲವೋ, ಕಸ್ತೂರಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಚಿಗವ್ವಾ, ಮದುವಿ ಬ್ಯಾಡ ಅನ್ನಾಕತ್ತಿಲ್ಲ. ಹುಡುಗ ಚಲೋ ಅದಾನ, ನನಗೂ ಮನಸೈತಿ. ಆದ್ರ ಒಂದು ಕನಸೈತಿ ನೋಡು, ಅದೊಂದು ನನ್ನ ಕೂಡ ಬರ್ಲಿ.”

ಎಲ್ಲ ಹುಡುಗಿಯರೂ ಹೀಗೇ ಅನ್ನುತ್ತಾರೆ, ಎಲ್ಲರಿಗೂ ನಾನು ಒಂದೇ ಉತ್ತರ ಹೇಳುತ್ತೇನೆ: ಹತ್ತು ದಿನ ಹೋಗಲಿ, ಮರೆತುಹೋಗುತ್ತದೆ. ಅವಳಿಗೂ ಹೇಳಿದೆ. ಅವಳು ಕೈ ಬಿಡಲಿಲ್ಲ.

“ನೀ ಮರತೇನು, ನಿಂದು?”

ಮರೆತೆ ಎಂದೆ. ಸುಳ್ಳೇನೂ ಅಲ್ಲ. ಹಾಗಾದರೆ ಬಿಡು, ನಾನು ಹೇಳುತ್ತೇನೆ, ನೀನು ಕೇಳಿಸಿಕೋ, ಊರಲ್ಲಿ ಒಬ್ಬರಿಗಾದರೂ ಗೊತ್ತಿರಲಿ ಎಂದಳು. ನಮ್ಮಲ್ಲಿ ಕನಸನ್ನು ಬಾಯಿಬಿಟ್ಟು ಹೇಳುವುದು ರವಿಕೆ ಬಿಚ್ಚಿದಷ್ಟೇ ನಾಚಿಕೆಯ ಮಾತು. ಆದರೂ ಹುಡುಗಿ ನೆಟ್ಟಗೆ ಕೂತು ಹೇಳಿದಳು. ನಡುಹಗಲು, ಪೇಟೆಬೀದಿ, ಸಂತೆಯ ಗದ್ದಲ. ಅದರ ನಡುವೆ ಅವಳು ಸೈಕಲ್ಲಿನ ಮೇಲೆ. ಹ್ಯಾಂಡಲ್ಲು ಬಿಟ್ಟಿದ್ದಾಳೆ, ಎರಡು ಕಂಕುಳಲ್ಲೂ ಒಂದೊಂದು ಕುಂಬಳಕಾಯಿ. ಜನ ದಾರಿ ಬಿಡುತ್ತಾರೆ, ನಗುತ್ತಾರೆ, ಆದರೆ ಒಬ್ಬರೂ ಎಲ್ಲಿಗೆ ಹೊರಟೆ ಎಂದು ಕೇಳುವುದಿಲ್ಲ. ಅಷ್ಟೇ ಕನಸು. ಯಾರೂ ಕೇಳುವುದಿಲ್ಲ, ಅವಳು ಹೋಗುತ್ತಲೇ ಇರುತ್ತಾಳೆ.

ಒಳ್ಳೆಯ ಕನಸೇ ಎಂದು ನಾನು ಬಟ್ಟೆ ಮಡಿಸತೊಡಗಿದೆ. ಆಗ ಅವಳು ಇನ್ನೊಂದು ಮಾತು ಹೇಳಿದಳು. “ಎಡಗಡಿ ಪೆಡಲ್ ಕಟಗೀದು, ಚಿಗವ್ವಾ. ಬರಿಗಾಲಿಗೆ ಭಾಳ ಮೆತ್ತಗನಸ್ತದ.”

ನನ್ನ ಕೈಯಿಂದ ಬಟ್ಟೆ ಜಾರಿತು. ಎಡಗಡೆ ಕಟ್ಟಿಗೆಯ ಪೆಡಲ್ಲಿನ ಸೈಕಲ್ಲು ಈ ಊರಿನಲ್ಲಿ ಇದ್ದದ್ದು ಒಂದೇ, ಅದು ನನ್ನ ಅಣ್ಣನದು. ಪೆಡಲ್ಲು ಮುರಿದಾಗ ಹಳೆಯ ಹೊರಸಿನ ಕಾಲು ಕೊಯ್ದು ತಾನೇ ಕೆತ್ತಿ ಕೂರಿಸಿದ್ದ. ಅವನು ಸಾಮಾನು ಕಟ್ಟುವಾಗ ಹಿಡಿದುಕೊಂಡು ನಿಲ್ಲುವುದಷ್ಟೇ ನನ್ನ ಕೆಲಸ, ಏರಲು ಒಂದು ದಿನವೂ ಬಿಡಲಿಲ್ಲ. ನಾನು ಹದಿನೇಳರಲ್ಲಿದ್ದಾಗ ಅದನ್ನು ಗುಜರಿಗೆ ಹಾಕಿದ. ಆಗ ಕಸ್ತೂರಿಯಿರಲಿ, ಶಂಕ್ರವ್ವನೂ ಈ ಊರು ಕಂಡಿರಲಿಲ್ಲ. ಇದು ನನ್ನ ಕನಸು. ಮದುವೆಗೆ ಮುಂಚೆ ಅವ್ವ ತೊಳೆದು ಬಚ್ಚಲಿಗೆ ಹರಿಸಿದ ನನ್ನ ಕನಸು, ಇಗೋ, ಇಪ್ಪತ್ತರ ಹುಡುಗಿಯ ತಲೆಯಲ್ಲಿ ಕುಂಬಳಕಾಯಿ ಸಮೇತ ಕೂತಿದೆ.

ಶಂಕ್ರವ್ವನನ್ನು ಕೂಗಿ, ಬೀಜದ ಪುಡಿಗೆ ತೇವ ಹಿಡಿದಿದೆ, ಎರಡು ದಿನ ಬಿಸಿಲು ಕಾಣಿಸಿ ತರುತ್ತೇನೆ ಎಂದೆ. ಅವಳು ಗಾಬರಿಯಾದಳು. ಬೀಗಿತ್ತಿ ದ್ಯಾಮವ್ವ ಎಂಥವಳೆಂದು ನಿನಗೆ ಗೊತ್ತಿಲ್ಲವೇ, ಗಿರಣಿಯಲ್ಲಿ ಅಕ್ಕಿಯೊಳಗಿನ ಬಿಳಿ ಕಲ್ಲು ಹೆಕ್ಕುವ ಕಣ್ಣು ಅದು, ಅವಳು ಬಾಚುವ ದಿನ ಏನಾದರೂ ಉದುರಿದರೆ ನನ್ನ ಮಗಳ ಗತಿ ಏನು ಎಂದು ಅತ್ತಳು. ಉದುರುವುದಿಲ್ಲ ಎಂದು ಮಾತು ಕೊಟ್ಟು ಹೊರಬಿದ್ದೆ.

ಮನೆಗೆ ಹೋಗಲಿಲ್ಲ. ಐವತ್ತು ವರ್ಷದ ಹೆಂಗಸು, ಕೈಯಲ್ಲಿ ಔಷಧದ ಬಟ್ಟಲು, ಊರೆಲ್ಲ ಸುತ್ತಿದೆ. ಕಸ್ತೂರಿಗೆ ಆ ಕನಸು ಬಂದದ್ದು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಾಗ, ಮಧ್ಯಾಹ್ನ ಟೀಚರ ಪಕ್ಕ ಚಾಪೆಯ ಮೇಲೆ ಒರಗಿದ ಮೇಲೆ ಎಂದು ಅವಳೇ ಹೇಳಿದ್ದಳು. ಟೀಚರ ಮನೆಗೆ ಹೋಗಿ, ಕದ ಹಾಕಿ, ನೇರ ಕೇಳಿದೆ. ತಲೆ ಬಿಡಿಸುವವಳು ಎಂಬ ಸಲಿಗೆ ಇಲ್ಲದಿದ್ದರೆ ಪೊರಕೆ ತೋರಿಸುತ್ತಿದ್ದಳು. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಹೌದು, ಸೈಕಲ್ಲು ಬರುತ್ತದೆ ಎಂದಳು. ಅವಳ ಕಂಕುಳಲ್ಲಿ ಕುಂಬಳಕಾಯಿಯಲ್ಲ, ರೇಶಿಮೆಯ ಎರಡು ಥಾನು; ಬೀದಿ ನಮ್ಮೂರದಲ್ಲ, ಅವಳನ್ನು ಬಿಟ್ಟ ಗಂಡನ ಊರಿನದು. ಅವನ ಅಂಗಡಿಯ ಮುಂದೆಯೇ ಹಾದುಹೋಗುತ್ತಾಳಂತೆ, ಅವನೂ ಕೇಳುವುದಿಲ್ಲವಂತೆ. ಪೆಡಲ್ಲು ಕಟ್ಟಿಗೆಯದೇ.

ಟೀಚರಿಗೆ ಕೊಟ್ಟವಳು ಆಸ್ಪತ್ರೆಯ ನರ್ಸಬಾಯಿ. ನರ್ಸಬಾಯಿಯ ಕೈಯಲ್ಲಿ ಏನೂ ಇರುವುದಿಲ್ಲ. ಎರಡೂ ಕೈ ಗಾಳಿಯಲ್ಲಿ ಚಾಚಿ ಹೋಗುತ್ತಾಳೆ. ಏನೂ ಹಿಡಿಯುವುದಿಲ್ಲವೇ ಎಂದು ಕೇಳಿದರೆ, “ಹಗಲೆಲ್ಲ ಹಿಡದದ್ದ ಸಾಕಲ್ರೀ. ಖಾಲಿ ಕೈ ಅಂದ್ರ ಹೆಂಗಿರ್ತದ ನೋಡಾಕ ನಾ ಮಲಗೋದು” ಎಂದಳು. ಅವಳಿಗೆ ಕೊಟ್ಟವಳು ಬಳೆಗಾರ್ತಿ ಹುಸೇನಬಿ. ನಾನು ಓಡುತ್ತಿದ್ದೆ ಎಂದೇ ಹೇಳಬೇಕು. ಪ್ರತಿ ಮನೆಯಿಂದ ಹೊರಬೀಳುವಾಗಲೂ ನಗು ಬರುತ್ತಿತ್ತು, ಒಂದು ಮನೆಯ ಮುಂದೆ ಕಣ್ಣೀರೂ ಬಂತು. ನನ್ನ ಸೈಕಲ್ಲು ನನಗೆ ಹೇಳದೆ ಕೇಳದೆ ಊರೆಲ್ಲ ತಿರುಗಿತ್ತು. ನಾನು ಮಾತ್ರ ನಡೆದುಕೊಂಡು ಹಿಂದೆ ಬಿದ್ದಿದ್ದೆ.

ಹುಸೇನಬಿ ಬಳೆಯ ಸರ ಬಿಡಿಸುತ್ತ ಕೂತಿದ್ದಳು. ಅವಳ ಕನಸಿನಲ್ಲಿ ತಲೆಯ ಮೇಲೆ ಬಳೆಯ ಬುಟ್ಟಿ, ಇಳಿಜಾರಿನ ಬೀದಿ, ಒಂದು ಬಳೆಯೂ ಒಡೆಯುವುದಿಲ್ಲ. ಯಾರು ಕೊಟ್ಟರು ಎಂದು ಕೇಳಿದ್ದಕ್ಕೆ ಅವಳು ನನ್ನನ್ನೇ ದಿಟ್ಟಿಸಿದಳು.

“ಮನ್ಯಾಗ ಇಟಗೊಂಡು ನನ್ನ ಕೇಳ್ತೀಯಲ್ಲ, ನೀಲವ್ವಾ. ಹನ್ನೆರಡು ವರ್ಷದ ಹಿಂದ ನಿಮ್ಮ ಕಟ್ಟಿ ಮ್ಯಾಲ ಬಿಸಲಿಗೆ ತಲಿ ತಿರುಗಿ ಬಿದ್ದಿದ್ನೆಲ್ಲ, ಆವತ್ತು ನಿಮ್ಮತ್ತಿ ತನ್ನ ದಿಂಬ ಕೊಟ್ಟು ಮಲಗಿಸಿದ್ಲು.”

ನನ್ನ ಅತ್ತೆ ಫಕೀರವ್ವ. ನನ್ನ ಸೀರೆಯ ನೆರಿಗೆ ಸರಿಯಿಲ್ಲ, ನನ್ನ ಸಾರಿಗೆ ಉಪ್ಪು ಸಾಲದು, ನಾನು ಬಾವಿಗೆ ಹೋದರೆ ತಡ, ಗುಡಿಗೆ ಹೋದರೆ ಇನ್ನೂ ತಡ. ಹೊಸಿಲು ದಾಟುವಾಗೆಲ್ಲ ಎಲ್ಲಿಗೆ ಹೊಂಟಿ ಎಂದು ಮೂವತ್ತೊಂದು ವರ್ಷ ತಪ್ಪದೆ ಕೇಳಿದವಳು. ನಾನು ಹೋದಾಗ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತಿದ್ದಳು. ಎಂಬತ್ತೊಂದರ ಬಿಳಿಯ ಕೂದಲಿಗೆ ನನ್ನ ಎಣ್ಣೆಯನ್ನು ಒಂದು ದಿನವೂ ಮುಟ್ಟಿಸಗೊಟ್ಟವಳಲ್ಲ. ಎದುರಿಗೆ ಕೂತೆ. ಸೈಕಲ್ಲು ಎಂದೆ. ಕೈ ನಿಂತಿತು.

“ಯಾರು ಹೇಳಿದ್ರು?” ಎಂದಳು. ಹುಸೇನಬಿ ಎಂದೆ. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದಳು. “ನಿಮ್ಮವ್ವನ ಔಷಧ ಹೇನ ಕೊಲ್ತದ, ಸೀರ ಕೊಲ್ಲಂಗಿಲ್ಲ. ನೀ ಬಂದು ವಾರಕ್ಕ ನಿನ್ನ ಕಿವಿ ಹಿಂದ ಮರಿ ಎದ್ದಿದ್ವು. ದಿನಾ ನಿನ್ನ ತಲಿ ಬಾಚತಿದ್ನೆಲ್ಲ, ನೆನಪೈತೇನು?”

ನೆನಪಿತ್ತು. ಮದುವೆಯಾದ ಹೊಸದರಲ್ಲಿ ಪ್ರತಿ ಮಧ್ಯಾಹ್ನ ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಕೂದಲು ಕಿತ್ತುಬರುವ ಹಾಗೆ ಬಾಚುತ್ತಿದ್ದಳು. ನನ್ನ ಮೇಲೆ ನಂಬಿಕೆಯಿಲ್ಲ, ತವರಿನ ಕೊಳೆ ಹುಡುಕುತ್ತಿದ್ದಾಳೆ ಎಂದು ನಾನು ಬಚ್ಚಲಲ್ಲಿ ಅಳುತ್ತಿದ್ದೆ.

“ಒಂದಿನ ಒಂದು ನನ್ನ ತಲೀಗೆ ಬಂತು. ಆವತ್ತು ಕಂಡೆ ನೋಡು.” ಅವಳ ಮುಖ ಒಮ್ಮೆಲೇ ಚಿಕ್ಕದಾಯಿತು, ಹುಡುಗಿಯ ಮುಖದ ಹಾಗೆ. “ಅಂಥಾದ್ದು ನಾ ಕಂಡಿದ್ದಿಲ್ಲ, ನೀಲಿ. ನನ್ನ ಕನಸಿನ್ಯಾಗ ಬರೀ ಒಲಿ ಹೊಗಿ ಇರ್ತಿತ್ತು. ಆಮ್ಯಾಲ ನೀ ಎಣ್ಣಿ ಹಚಗೊಂಡಿ, ನಿನ್ನ ತಲ್ಯಾಗಿಂದು ಸತ್ತು ಹೋತು. ನಾನೂ ತೊಳಕೊಂಡ್ರ ಅದು ಎಲ್ಲಿ ಇರಬೇಕು?”

ಕದ್ದೆಯಲ್ಲ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ. ಹಗಲೆಲ್ಲ ಎಲ್ಲಿಗೆ ಹೋಗುತ್ತಿ ಎಂದು ನನ್ನನ್ನು ಕೇಳಿ, ರಾತ್ರಿ ನನ್ನ ಸೈಕಲ್ಲಿನಲ್ಲಿ ನೀನು ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದೆ. ಅತ್ತೆಗೆ ನಗು ಬಂತು. ಹಲ್ಲಿಲ್ಲದ ಬಾಯಿಗೆ ಸೆರಗು ಮುಚ್ಚಿಕೊಂಡು ಮೈಯೆಲ್ಲ ಅಲುಗುವ ಹಾಗೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಒಳಗೆ ಮಲಗಿದ್ದ ನನ್ನ ಗಂಡ ಎದ್ದುಬಂದು, ಅತ್ತೆ ಸೊಸೆ ಒಟ್ಟಿಗೆ ನಗುವುದನ್ನು ಕಂಡು ಹೆದರಿ ಹಾಗೆಯೇ ಒಳಗೆ ಹೋದ.

ನಗು ಇಳಿದ ಮೇಲೆ ಅವಳು ಹೇಳಿದ ಮಾತು ನನ್ನೊಳಗೆ ನಿಧಾನವಾಗಿ ಇಳಿಯಿತು. ಸೀರು, ಎಂದರೆ ಹೇನಿನ ಮೊಟ್ಟೆ, ಸಾಯುವುದಿಲ್ಲ. ಅಂದರೆ ಮೂವತ್ತೊಂದು ವರ್ಷದಿಂದ ನಾನು ತಲೆ ಬಿಡಿಸಿ ಕಳಿಸಿದ ಹುಡುಗಿಯರೆಲ್ಲ ಕಿವಿಯ ಹಿಂದೆ ಏನನ್ನೋ ಅಂಟಿಸಿಕೊಂಡೇ ಹೋಗಿದ್ದಾರೆ. ನನ್ನ ಕಸುಬಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೆ ನನಗೆ ಕುಣಿಯಬೇಕೆನಿಸಿತು. ಒಂದು ಮಾತ್ರ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಅತ್ತೆಯೂ ಬಂದು, ನಿನ್ನ ಔಷಧ ಸುಳ್ಳು ಎಂದು ನನ್ನ ಬಾಗಿಲು ಬಡಿಯಲಿಲ್ಲವಲ್ಲ, ಯಾಕೆ? ಫಕೀರವ್ವನನ್ನು ಕೇಳಿದೆ. ಅವಳು ಮೊರ ಎಳೆದುಕೊಂಡು, ನಿನಗೆ ಬೇಕಾದರೆ ನಿನ್ನದು ತಗೋ, ದಿಂಬು ಅಲ್ಲೇ ಇದೆ ಎಂದು ಮಾತು ಹಾರಿಸಿದಳು. ಈಗಲ್ಲ ಎಂದೆ. ನನ್ನ ತಲೆಯಿಂದ ಒಂದು ಹೇನು ಕಸ್ತೂರಿಯ ಬಿಳಿ ಬಟ್ಟೆಗೆ ಬಿದ್ದರೆ ಹುಡುಗಿಯ ಬಾಳು ಮುಗಿಯಿತು. ಮೊದಲು ಅವಳದು ದಡ ಸೇರಲಿ.

ಮದುವೆಗೆ ನಾಲ್ಕು ದಿನವಿರುವಾಗ ಶಂಕ್ರವ್ವನ ಮನೆಗೆ ಹೋದೆ. ಕಸ್ತೂರಿ ಕಣ್ಣು ಕಟ್ಟಿಸಿಕೊಂಡು ಕುರಿಯ ಹಾಗೆ ಕೂತಳು. ಎಂದಿನ ಹಾಗೆ ಔಷಧ ಹಚ್ಚಿ, ಒಂದು ತಾಸು ಬಿಟ್ಟು, ಸೀಗೆಕಾಯಿ ಹಾಕಿ ತೊಳೆದೆ. ಹೇನೆಲ್ಲ ಹೋದವು. ಆಮೇಲೆ ಶಂಕ್ರವ್ವನನ್ನು ಕಾಫಿ ಮಾಡಲು ಕಳಿಸಿ, ಕಿವಿಯ ಹಿಂದಿನ ಕೂದಲನ್ನು ಎಳೆ ಎಳೆಯಾಗಿ ಬಿಸಿಲಿಗೆ ಹಿಡಿದೆ. ಬುಡದಿಂದ ದೂರ ಸರಿದ ಸೀರು ಹಳೆಯವು, ಮದುವೆಗೆ ಮೊದಲೇ ಒಡೆಯುತ್ತವೆ. ಅವನ್ನೆಲ್ಲ ಉಗುರಿನಿಂದ ಎಳೆದು ತೆಗೆದೆ. ತಲೆಯ ಚರ್ಮಕ್ಕೇ ಅಂಟಿಕೊಂಡವು ಹಿಂದಿನ ದಿನ ಇಟ್ಟವು, ಅವಕ್ಕೆ ಇನ್ನೂ ಏಳೆಂಟು ದಿನ ಬೇಕು. ಬಲಗಿವಿಯ ಹಿಂದೆ ನಾಲ್ಕು, ಎಡಗಡೆ ಮೂರು ಬಿಟ್ಟೆ. ಇಷ್ಟು ವರ್ಷ ಹುಡುಕಿ ಕೊಂದ ಕಣ್ಣಿಗೆ ಹುಡುಕಿ ಉಳಿಸುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಒಂದು ಮರೆತ ಹಳೆಯ ಸೀರು ಸಾಕು, ಎಲ್ಲ ಮುಗಿಯಲು. ಮೂರು ಸಲ ನೋಡಿದೆ.

ಮರುದಿನ ನೋಡಲು ಹೋದಾಗ ಹುಡುಗಿಯ ಕಣ್ಣಲ್ಲಿ ಏನೂ ಇರಲಿಲ್ಲ. “ಕಣ್ಣ ಮುಚ್ಚಿದೆ, ತಗದೆ. ಅಷ್ಟ, ಚಿಗವ್ವಾ” ಎಂದಳು. ಅದು ನನ್ನದೇ ದನಿ ಎನಿಸಿತು. ಮನೆತುಂಬ ನೆಂಟರು. ನಿಜ ಹೇಳಲು ಬಾಯಿ ತುರಿಸುತ್ತಿತ್ತು, ಹೇಳಿದರೆ ಬಾಚುವ ಹೊತ್ತಿಗೆ ಅವಳ ಮೈ ನಡುಗಿ ಗುಟ್ಟು ಬಯಲಾದೀತು. ಬೆನ್ನು ಸವರಿ, ತಡಿ ಎಂದಷ್ಟೇ ಹೇಳಿ ಬಂದೆ.

ಮದುವೆಯ ಬೆಳಿಗ್ಗೆ ಚಪ್ಪರದ ನಡುವೆ ಬಿಳಿ ಬಟ್ಟೆ ಹಾಸಿದರು. ಗಂಡಿನ ಕಡೆಯ ಹೆಂಗಸರು ಸುತ್ತ ಕೂತರು, ಹೆಣ್ಣಿನ ಕಡೆಯವರು ಹಿಂದೆ ನಿಂತರು. ನಾನು ನೇಮದ ಪ್ರಕಾರ ಹುಡುಗಿಯ ಹಿಂದೆ ಸೀಗೆಕಾಯಿ ನೀರಿನ ತಂಬಿಗೆ ಹಿಡಿದು ಕೂತೆ. ದ್ಯಾಮವ್ವ ಬಂದಳು. ಎತ್ತರದ ಹೆಂಗಸು, ಹಣೆಗೆ ದೊಡ್ಡ ಕುಂಕುಮ, ಕಣ್ಣು ಕೆಳಗಿಳಿಸಿದರೆ ನೆಲದ ಇರುವೆಯೂ ದಾರಿ ಬಿಡಬೇಕು. ಮೊದಲು ನೆತ್ತಿ ಬಾಚಿದಳು, ಬಟ್ಟೆ ನೋಡಿದಳು. ಏನೂ ಇಲ್ಲ. ಬಲಭಾಗ, ಎಡಭಾಗ, ಕತ್ತಿನ ಹಿಂದೆ. ಏನೂ ಇಲ್ಲ. ಶಂಕ್ರವ್ವ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ದ್ಯಾಮವ್ವ ಸೀರಣಿಗೆ ಕೆಳಗಿಟ್ಟಳು. ನೇಮ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವಳು ಬರಿಗೈಯಿಂದ ಕಸ್ತೂರಿಯ ಬಲಗಿವಿಯನ್ನು ಮುಂದಕ್ಕೆ ಮಡಿಸಿದಳು. ಹೆಬ್ಬೆರಳಿನಿಂದ ಕೂದಲು ಸರಿಸಿದಳು. ಬೆರಳು ಹೋಗಿ ಹೋಗಿ ಆ ನಾಲ್ಕರ ಮೇಲೆಯೇ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಸುಳ್ಳು ಹೇಳಲು ಜಾಗವೇ ಇರಲಿಲ್ಲ. ಹಿಂದಿನಿಂದ ಯಾರೋ ಮುದುಕಿ ಏನಾಯ್ತು ಎಂದು ಕೇಳಿದಳು.

ದ್ಯಾಮವ್ವ ತಟ್ಟೆಯಿಂದ ಮಲ್ಲಿಗೆಯ ದಂಡೆ ಎತ್ತಿಕೊಂಡು, ಕಿವಿ ಮುಚ್ಚುವ ಹಾಗೆ ಇಳಿಬಿಟ್ಟು ಮುಡಿಸಿದಳು. “ತಲಿ ಸ್ವಚ್ಛ ಐತಿ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ವಾಲಗ ಶುರುವಾಯಿತು, ಹೆಂಗಸರೆಲ್ಲ ಒಮ್ಮೆಲೇ ಎದ್ದು ಮಾತಿಗೆ ತೊಡಗಿದರು. ಆ ಗದ್ದಲದಲ್ಲಿ ಬಿಳಿ ಬಟ್ಟೆ ಮಡಿಸುವ ನೆಪದಿಂದ ಅವಳು ನನ್ನ ಕಡೆ ಬಗ್ಗಿದಳು. ಅಷ್ಟು ಗಟ್ಟಿ ಹೆಂಗಸಿನ ದನಿ ಹಸಿದ ಮಗುವಿನದರಂತೆ ಸಣ್ಣಗಾಗಿತ್ತು.

“ಮರಿ ಆಗಾಕ ಇನ್ನ ಎಷ್ಟ ದಿನ ಬೇಕು?”

“ನಾಕು” ಎಂದೆ.

ಅವಳು ಬೆರಳು ಮಡಿಸಿ ಎಣಿಸಿದಳು. ಆಮೇಲೆ ಕಸ್ತೂರಿಯ ತೋಳು ಹಿಡಿದು ಎಬ್ಬಿಸಿ, ನಾಜೂಕಾದ ಗಾಜಿನ ಸಾಮಾನನ್ನು ಒಯ್ಯುವವಳ ಹಾಗೆ, ತಾನೇ ಮುಂದಾಗಿ ಮಂಟಪಕ್ಕೆ ನಡೆಸಿಕೊಂಡು ಹೋದಳು.